ಮಾಳಿಗೆಯ ಒಳಪದರ: ಬಿಸಿಲು ಸೀಮೆಯ ಮನೆಗೆ ಯಾವುದು ತಕ್ಕದ್ದು?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮನೆ ಕಟ್ಟಿಸುವವರು ಗೌಂಡಿಯನ್ನು ಮೊದಲು ಕೇಳುವುದು "ಮ್ಯಾಲೆ ಏನ್ ಹಾಕ್ಸೋಣು?" ಅಂತ. ಸ್ಲ್ಯಾಬೋ, ಪತ್ರಾಸೋ (ಅಂದರೆ ತಗಡು), ಹಂಚೋ ಎಂದು ತೀರ್ಮಾನವಾಗುತ್ತಿದ್ದಂತೆ ಮಾಳಿಗೆಯ ಮಾತು ಅಲ್ಲಿಗೆ ಮುಗಿಯುತ್ತದೆ. ಆ ಹೊದಿಕೆಗೂ ಮನೆಯೊಳಗೂ ನಡುವೆ ಇರಬೇಕಾದ ಇನ್ನೊಂದು ಪದರದ ಸುದ್ದಿ ಬರುವುದು ಮೊದಲ ದೊಡ್ಡ ಮಳೆಗೆ ಗೋಡೆಯ ಮೂಲೆ ಕಪ್ಪಾದ ಮೇಲೆ, ಇಲ್ಲವೇ ಮೇ ತಿಂಗಳ ಮಧ್ಯಾಹ್ನ ಮನೆಯ ಮಗು ನಿದ್ದೆ ಬಾರದೆ ಅಳುವಾಗ. ಆ ಹೊತ್ತಿಗೆ ಒಳಪದರ ಹಾಕಿಸಬೇಕೆಂದರೆ ಹೊದಿಕೆಯನ್ನೇ ಬಿಚ್ಚಬೇಕಾಗುತ್ತದೆ. ಹಾಗಾಗಿ ನನ್ನ ಮಾತು ಒಂದೇ: ಕಣ್ಣಿಗೆ ಕಾಣುವ ಹೊದಿಕೆಯಲ್ಲಿ ಸ್ವಲ್ಪ ಉಳಿಸಿಯಾದರೂ ಕಾಣದ ಪದರಕ್ಕೆ ಹಣ ಎತ್ತಿಡಿ. ಅದನ್ನು ಆರಿಸುವಾಗ ಮಳೆಗಿಂತ ಮೊದಲು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ಹೊದಿಕೆಯೂ ಒಂಟಿಯಾಗಿ ಪೂರ್ತಿ ನೀರು ತಡೆಯುವುದಿಲ್ಲ. ಹಂಚಿನ ಸಾಲುಗಳ ನಡುವೆ ಸಂದಿ ಇದ್ದೇ ಇರುತ್ತದೆ, ಗಾಳಿ ಎದುರಿನಿಂದ ಬಡಿದರೆ ಮಳೆ ನೀರು ಆ ಸಂದಿಯಲ್ಲಿ ಮೇಲಕ್ಕೆ ನುಗ್ಗುತ್ತದೆ. ತಗಡಿಗೆ ನೂರಾರು ತೂತು ಕೊರೆದು ಸ್ಕ್ರೂ ಬಿಗಿದಿರುತ್ತಾರೆ. ಆ ಸ್ಕ್ರೂ ಕೆಳಗಿನ ರಬ್ಬರ್ ವಾಷರು ನಮ್ಮ ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಸೆಟೆದು ಸೀಳುತ್ತದೆ. ಕಾಂಕ್ರೀಟು ಹಗಲು ಹಿಗ್ಗಿ ರಾತ್ರಿ ಕುಗ್ಗಿ, ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಹೊದಿಕೆಯ ಕೆಲಸ ನೀರಿನ ಬಹುಪಾಲನ್ನು ಹೊರಗೆ ಹರಿಸುವುದು. ತಪ್ಪಿಸಿಕೊಂಡು ಒಳನುಗ್ಗಿದ ಉಳಿದ ಪಾಲನ್ನು ಹಿಡಿದು ಸೂರಿನಂಚಿಗೆ ಕಳಿಸುವುದು ಒಳಪದರ.

ಅಮೆರಿಕದಲ್ಲಿ ಇಳಿಜಾರು ಮರದ ಹಲಗೆಯ ಮೇಲೆ ಶಿಂಗಲ್ ಎಂಬ ಡಾಂಬರಿನ ತೆಳು ಬಿಲ್ಲೆಗಳನ್ನು ಹಾಸುವುದು ರೂಢಿ. ಹಲಗೆಗೂ ಶಿಂಗಲ್‌ಗೂ ನಡುವೆ ಒಳಪದರವಿಲ್ಲದ ಮನೆ ಅಲ್ಲಿ ಅಪರೂಪ. ಅವರ ಹತ್ತಿರ ಮೂರು ಬಗೆಗಳಿವೆ, ಮೂರೂ ಈಗ ನಮ್ಮ ಮಾರುಕಟ್ಟೆಗೂ ಬಂದಿವೆ. ಮೊದಲನೆಯದು ಡಾಂಬರು ಹೀರಿಸಿದ ಫೆಲ್ಟು ಹಾಳೆ. 15 ನಂಬರು, 30 ನಂಬರು ಎಂದು ಕರೆಯುತ್ತಾರೆ. ನೂರು ಚದರಡಿಗೆ ಇಷ್ಟು ಪೌಂಡ್ ತೂಕ ಎಂಬ ಹಳೆಯ ಲೆಕ್ಕದಿಂದ ಬಂದ ಅಂಕಿ ಅದು, ಇಂದಿನ 15 ನಂಬರು ಅದಕ್ಕಿಂತ ಹಗುರ. ಎರಡನೆಯದು ಪಾಲಿಪ್ರೊಪಿಲೀನ್‌ನಿಂದ ನೇಯ್ದ ಸಿಂಥೆಟಿಕ್ ಹಾಳೆ. ಹಗುರ, ಹರಿಯುವುದಿಲ್ಲ, ಮೇಲೆ ನಡೆದಾಡಿದರೂ ತಾಳುತ್ತದೆ. ಮೂರನೆಯದು ರಬ್ಬರು ಬೆರೆಸಿದ ಡಾಂಬರಿನ ಅಂಟು ಹಾಳೆ. ಸ್ಕ್ರೂ ತೂರಿದ ಜಾಗದಲ್ಲಿ ಅದು ಸ್ಕ್ರೂ ಸುತ್ತಲೇ ಮೆತ್ತಿಕೊಂಡು ತೂತನ್ನು ಮುಚ್ಚುತ್ತದೆ.

ಅಲ್ಲಿಯ ಸಲಹೆಗಳನ್ನು ಓದಿ ಹಾಗೆಯೇ ಇಲ್ಲಿಗೆ ತಂದರೆ ಕೆಡುತ್ತದೆ. ಅಂಟು ಹಾಳೆ ಅಲ್ಲಿ ಅಷ್ಟು ಬೆಳೆದದ್ದು ಸೂರಿನಂಚಿನಲ್ಲಿ ಹಿಮ ಗಟ್ಟಿಯಾಗಿ ನೀರು ಹಿಂದಕ್ಕೆ ನಿಲ್ಲುವ ತೊಂದರೆಗೆ. ನಮಗೆ ಆ ತೊಂದರೆಯೇ ಇಲ್ಲ. ನಮ್ಮಲ್ಲಿ ಏಪ್ರಿಲ್–ಮೇನಲ್ಲಿ ನೆರಳಿನ ಉಷ್ಣತೆಯೇ 40 ಡಿಗ್ರಿ ದಾಟುತ್ತದೆ, ಬಿಸಿಲಿಗೊಡ್ಡಿದ ತಗಡು 60–70 ಡಿಗ್ರಿಗೆ ಏರುತ್ತದೆ. ವರ್ಷದ ಮಳೆ 600 ಮಿ.ಮೀ. ಆಸುಪಾಸು, ಮಂಗಳೂರಿಗೆ ಅದರ ಐದು ಪಟ್ಟಿಗೂ ಮಿಕ್ಕಿ ಬೀಳುತ್ತದೆ. ಆದರೆ ನಮ್ಮ ಮಳೆ ಹಂಚಿಕೊಂಡು ಬರುವುದಿಲ್ಲ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಒಂದೆರಡು ದಿನ ಬಿಡದೆ ಸುರಿದರೆ ಆ ಎರಡು ದಿನವೇ ಮಾಳಿಗೆಯ ಪರೀಕ್ಷೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ಮಳೆ ಈ ಮೂರೂ ಜಿಲ್ಲೆಗಳಲ್ಲಿ ಎಷ್ಟು ಮನೆಗಳನ್ನು ಕೆಡವಿತು ಎಂಬುದನ್ನು ನೋಡಿದವರು ಮರೆತಿಲ್ಲ.

ಪತ್ರಾಸಿನ ಮನೆಗೆ

ಸಿಂಧನೂರು, ಮಾನ್ವಿ, ಕಾರಟಗಿ, ಸಿರುಗುಪ್ಪ ಎಲ್ಲಿ ಹೋದರೂ ಹೊಸ ಕೋಣೆ, ಮಹಡಿಯ ಮೇಲಿನ ಇನ್ನೊಂದು ಕೋಣೆ, ಗೋದಾಮು ಎಲ್ಲಕ್ಕೂ ತಗಡೇ. ಬೇಗ ಆಗುತ್ತದೆ, ಖರ್ಚು ಕಡಿಮೆ. ಒಳಪದರದ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದೂ, ಅದನ್ನು ಬಿಟ್ಟುಬಿಡುವುದೂ ಇಲ್ಲಿಯೇ. ಆದ್ದರಿಂದ ಇದರ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕಾದ ತಗಡು ಕೆಳಗೆ ಕೂತವರ ನೆತ್ತಿಗೆ ಶಾಖವನ್ನು ಕಿರಣವಾಗಿ ಎಸೆಯುತ್ತದೆ. ಫ್ಯಾನು ಹಾಕಿದರೆ ಗಾಳಿ ಓಡಾಡುತ್ತದೆ, ಆ ಕಿರಣ ಮಾತ್ರ ನಿಲ್ಲುವುದಿಲ್ಲ. ಅದನ್ನು ತಡೆಯಲು ಅಂಗಡಿಯವರು ತೋರಿಸುವುದು ಎರಡು ಮಾಲು: ಹೊಳೆಯುವ ಅಲ್ಯುಮಿನಿಯಂ ಫಾಯಿಲ್ ಅಂಟಿಸಿದ ಬಬಲ್ ಶೀಟು, ಮತ್ತು ಬಿಳಿ ಫೋಮಿನ ಹಾಳೆ, ಅದಕ್ಕೂ ಒಂದು ಬದಿ ಫಾಯಿಲ್ ಇರಬಹುದು. ನಾನು ಬಬಲ್ ಶೀಟಿನ ಪರ. ಶುದ್ಧ ಅಲ್ಯುಮಿನಿಯಂ ಫಾಯಿಲ್ ತನ್ನ ಮೇಲೆ ಬಿದ್ದ ಶಾಖಕಿರಣದ ನೂರಕ್ಕೆ 95ರಷ್ಟು ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ತಾನು ಕಾದರೂ ಬಹಳ ಕಡಿಮೆ ಶಾಖ ಉಗುಳುತ್ತದೆ. ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣ ಹಚ್ಚಿದ ಅಗ್ಗದ ಹಾಳೆಗೆ ಆ ಗುಣವಿಲ್ಲ. ಕೊಳ್ಳುವಾಗ ಮೂಲೆಯಲ್ಲಿ ಉಗುರಿನಿಂದ ಕೆರೆದು ನೋಡಿ, ಪುಡಿಯಾಗಿ ಉದುರಿದರೆ ಬಿಟ್ಟುಬಿಡಿ.

ಫಾಯಿಲ್ ಕೆಲಸ ಮಾಡಬೇಕಾದರೆ ಅದರ ಒಂದು ಮೈಗಾದರೂ ಗಾಳಿಯ ತೆರಪು ಬೇಕೇ ಬೇಕು, ಕನಿಷ್ಠ ಒಂದು ಇಂಚು. ತಗಡಿಗೆ ಒತ್ತಿ ಅಂಟಿಸಿದರೆ ಅಲ್ಯುಮಿನಿಯಂ ಒಳ್ಳೆಯ ಉಷ್ಣವಾಹಕವಾದ್ದರಿಂದ ಆ ಮೈಯಲ್ಲಿ ಶಾಖ ಸಲೀಸಾಗಿ ದಾಟುತ್ತದೆ. ಹೊಳೆಯುವ ಮೈ ಕೆಳಗಿರಲಿ ಎಂದು ಹೇಳುವುದಕ್ಕೂ ಕಾರಣವಿದೆ. ಮೇಲ್ಮುಖವಾಗಿದ್ದರೆ ವರ್ಷದೊಳಗೆ ಧೂಳು ಕೂತು ಹೊಳಪು ಸತ್ತುಹೋಗುತ್ತದೆ. ಸಂಡೂರಿನ ಗಣಿ ರಸ್ತೆಯ ಬದಿಯ ಮನೆಗಳಲ್ಲಿ ಕೆಂಧೂಳು ಯಾವ ಸಂದಿಯನ್ನೂ ಬಿಡುವುದಿಲ್ಲ. ಕೆಳಮುಖವಾಗಿದ್ದರೆ ಅದು ಕೋಣೆಯ ಕಡೆ ಶಾಖ ಉಗುಳದೆ ಉಳಿಯುತ್ತದೆ, ಧೂಳೂ ಕೂರುವುದಿಲ್ಲ.

ಹಾಕುವ ಬಗೆ ಹೀಗೆ. ಅಡ್ಡ ಪೈಪುಗಳ ಮೇಲೆ ಮೊದಲು ಕೋಳಿ ಜಾಲರಿಯನ್ನೋ ತಂತಿಯನ್ನೋ ಎಳೆಯಿರಿ. ಅದರ ಮೇಲೆ ಹಾಳೆಯನ್ನು ಸ್ವಲ್ಪ ಸಡಿಲವಾಗಿ ಹಾಸಿ, ಪೈಪಿನ ನಡುವೆ ಜೋಲು ಬಿದ್ದು ಮೇಲೆ ತೆರಪು ಸಿಗಲಿ. ಕೆಳಗಿನ ಅಂಚಿನಿಂದ ಮೇಲಕ್ಕೆ ಹೋಗಿ, ಮೇಲಿನ ಹಾಳೆ ಕೆಳಗಿನದರ ಮೇಲೆ 10 ಸೆಂ.ಮೀ. ಬರಲಿ, ಅಕ್ಕಪಕ್ಕದ ಜೋಡಣೆಗೆ 15 ಸೆಂ.ಮೀ. ಕೊಡಿ. ತಗಡು ಅದರ ಮೇಲೆ. ಸ್ಕ್ರೂಗಳು ತಗಡಿನ ಉಬ್ಬಿನ ಮೇಲೆ ಇರಬೇಕು, ನೀರು ಹರಿಯುವ ತಗ್ಗಿನಲ್ಲಿ ಬೇಡ. ಹೀಗೆ ಹಾಸಿದ ಹಾಳೆ ಶಾಖದ ಜೊತೆಗೆ ಇನ್ನೊಂದು ತೊಂದರೆಯನ್ನೂ ತೆಗೆಯುತ್ತದೆ. ಡಿಸೆಂಬರ್–ಜನವರಿಯ ಸ್ವಚ್ಛ ರಾತ್ರಿಗಳಲ್ಲಿ ತಗಡು ಸುತ್ತಲಿನ ಗಾಳಿಗಿಂತ ತಣ್ಣಗಾಗಿ ಒಳಮೈಗೆ ಇಬ್ಬನಿ ಕಟ್ಟುತ್ತದೆ, ಬೆಳಗಿನ ಜಾವ ಹನಿಯುತ್ತದೆ. ಗಂಗಾವತಿ ಕಡೆ ಭತ್ತದ ಚೀಲ, ರಾಯಚೂರು ಕಡೆ ಹತ್ತಿ ಇಟ್ಟವರು ಮಳೆಯಿಲ್ಲದೆ ಮಾಲು ಒದ್ದೆಯಾದದ್ದಕ್ಕೆ ಕಾರಣ ಹುಡುಕಿ ಸುಸ್ತಾಗುವುದು ಇದರಿಂದಲೇ. ಒಳಪದರ ಆ ಹನಿಯನ್ನು ಹಿಡಿದು ಅಂಚಿಗೆ ಸಾಗಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಫಾಯಿಲ್‌ನಲ್ಲಿ ಕರೆಂಟು ಹರಿಯುತ್ತದೆ. 2009–10ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಮನೆಗಳ ಮಾಳಿಗೆಗೆ ಶಾಖತಡೆ ಹಾಕಿಸುವ ಯೋಜನೆ ನಡೆಸಿದಾಗ ನಾಲ್ವರು ಯುವ ಕಾರ್ಮಿಕರು ಸತ್ತರು. ಅವರಲ್ಲಿ ಇಬ್ಬರು ಫಾಯಿಲ್‌ಗೆ ಲೋಹದ ಪಿನ್ನು ಹೊಡೆಯುವಾಗ ಕರೆಂಟು ಹೊಡೆದು ಸತ್ತವರು, ಇನ್ನೊಬ್ಬ ಸೂರಿನ ಕೆಳಗಿನ ಬಿಸಿಯ ಹೊಡೆತಕ್ಕೆ. 2010ರ ಫೆಬ್ರುವರಿಯಲ್ಲಿ ಆ ಯೋಜನೆಯನ್ನೇ ನಿಲ್ಲಿಸಿದರು. ನಮ್ಮಲ್ಲಿ ತಗಡಿನ ಕೆಳಗೆ ವೈರು ಇಳಿಬಿಟ್ಟು, ಟೇಪು ಸುತ್ತಿ ಬಿಡುವ ಅಭ್ಯಾಸ ಎಷ್ಟಿದೆ ಎಂದು ಎಲ್ಲರಿಗೂ ಗೊತ್ತು. ಮೇನ್ ಸ್ವಿಚ್ ಆರಿಸದೆ ಫಾಯಿಲ್ ಕೆಲಸ ಶುರು ಮಾಡಿಸಬೇಡಿ, ವೈರನ್ನು ಪೈಪಿನೊಳಗೆ ಹಾಕಿಸಿ. ಕೆಲಸ ಮಾಡುವವರನ್ನು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ತಗಡಿನ ಕೆಳಗೆ ಇರಿಸಬೇಡಿ. ಕಟ್ಟಿಗೆ ಒಲೆ ಇರುವ ಅಡುಗೆಮನೆಯ ಮೇಲೆ ಬಬಲ್ ಶೀಟೂ ಬೇಡ, ಫೋಮೂ ಬೇಡ, ಎರಡೂ ಬೆಂಕಿ ಹಿಡಿಯುವ ಮಾಲೇ.

ತಗಡಿನ ಕೆಳಗೆ ಅಂಟು ಹಾಳೆ ಹಾಕಿಸಬೇಕೆನ್ನುವವರು ಮಾಲಿನ ಮೇಲೆ ಬರೆದಿರುವ ಉಷ್ಣತೆಯ ಮಿತಿ ನೋಡಲೇಬೇಕು. ಸಾಮಾನ್ಯ ಅಂಟು ಹಾಳೆಯ ಮಿತಿ ಸುಮಾರು 80 ಡಿಗ್ರಿ. 70 ಡಿಗ್ರಿಗೆ ಕಾಯುವ ತಗಡಿನ ಕೆಳಗೆ ಅದು ಬಹಳ ಇಕ್ಕಟ್ಟಿನ ಅಂತರ. ಡಾಂಬರು ಮೆತ್ತಗಾಗಿ ಇಳಿಜಾರಿನಲ್ಲಿ ಜಾರುತ್ತದೆ. ಹೆಚ್ಚು ಶಾಖಕ್ಕೆಂದೇ ಮಾಡಿದ ಬಗೆ 115 ಡಿಗ್ರಿವರೆಗೆ ತಾಳುತ್ತದೆ, ದುಬಾರಿ. ಇಡೀ ಸೂರಿಗೆ ಅದು ನಮಗೆ ಬೇಕಾಗಿಲ್ಲ. ಎರಡು ಇಳಿಜಾರು ಸೇರುವ ತಗ್ಗು ಮತ್ತು ಪೈಪು ಹೊರಬರುವ ತೂತಿನ ಸುತ್ತ ಹಾಕಿದರೆ ಸಾಕು.

ಹಳೆಯ ಸಿಮೆಂಟ್ ಶೀಟು ಬಿಚ್ಚಿ ತಗಡು ಹಾಕಿಸುವವರಿಗೆ ಒಂದು ಮಾತು. ಅದರಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಅದರ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಣಗಿದ್ದಾಗ ಒಡೆಯಬೇಡಿ, ಕೊರೆಯಬೇಡಿ. ನೀರು ಚಿಮುಕಿಸಿ ಇಡಿಯಾಗಿ ಇಳಿಸಿ.

ಹಂಚಿನ ಸೂರಿಗೆ

ನಮ್ಮ ಕಡೆ ಹಂಚಿನ ಮನೆ ಕಡಿಮೆ. ತೋಟದ ಮನೆ, ಊಟದ ಹೋಟೆಲಿನ ಮುಂಭಾಗಕ್ಕೆ ಅಂದಕ್ಕೆಂದು ಹಾಕಿಸುತ್ತಾರೆ. ಆನೆಗೊಂದಿ, ಗಂಗಾವತಿ ಸುತ್ತಮುತ್ತ ಹಂಚು ಹಾಕಿಸುವವರಿಗೆ ಮಳೆಗಿಂತ ಮಂಗಗಳ ಕಾಟವೇ ಹೆಚ್ಚು. ಒಂದು ಹಂಚು ಜರುಗಿದರೂ, ಒಡೆದರೂ ಅದರ ಕೆಳಗೆ ನೀರು ಹಿಡಿಯುವವರು ಬೇಕು. ಇಲ್ಲಿ ಸಿಂಥೆಟಿಕ್ ಹಾಳೆ ಫೆಲ್ಟಿಗಿಂತ ಒಳ್ಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಫೆಲ್ಟು ಬಿಸಿಲಿಗೆ ಬಿದ್ದರೆ ಸುಕ್ಕುಗಟ್ಟಿ ಒಣಗಿ ಒಡೆಯುತ್ತದೆ. ನಮ್ಮಲ್ಲಿ ಫೆಲ್ಟು ಹಾಸಿ ಹಂಚಿಗಾಗಿ ವಾರಗಟ್ಟಲೆ ಕಾಯುವುದು ಮಾಮೂಲು. ಸಿಂಥೆಟಿಕ್ ಹಾಳೆಯ ಮೇಲೆ ಎಷ್ಟು ದಿನ ಬಿಸಿಲಿಗೆ ಬಿಡಬಹುದು ಎಂದು ಬರೆದಿರುತ್ತದೆ, ಮಾಲಿನಿಂದ ಮಾಲಿಗೆ ಎರಡು ತಿಂಗಳಿನಿಂದ ಆರು ತಿಂಗಳವರೆಗೆ. ಅದನ್ನು ನೋಡಿಯೇ ಕೊಳ್ಳಿ, ನಮ್ಮ ಬಿಸಿಲಿಗೆ ಅದರ ಅರ್ಧವೆಂದೇ ಲೆಕ್ಕ ಹಿಡಿಯಿರಿ. ಫೆಲ್ಟಿಗೆ ಒಂದು ಒಳ್ಳೆಯ ಗುಣವಿದೆ: ಒಳಗಿನ ತೇವವನ್ನು ಸ್ವಲ್ಪ ಹೊರಗೆ ಬಿಡುತ್ತದೆ. ಸಿಂಥೆಟಿಕ್ ಹಾಳೆಗಳಲ್ಲಿ ಹೆಚ್ಚಿನವು ಬಿಡುವುದಿಲ್ಲ, ಹಾಗಾಗಿ ಮರದ ಸೂರಾದರೆ ಎತ್ತರದಲ್ಲಿ ಗಾಳಿಗೆ ಕಿಂಡಿ ಇರಲಿ.

ಆರ್‌ಸಿಸಿ ಸ್ಲ್ಯಾಬಿಗೆ

ಸ್ಲ್ಯಾಬಿನ ಮನೆಯಲ್ಲಿ ಪದರ ಬರುವುದು ಕಾಂಕ್ರೀಟಿನ ಮೇಲೆ, ಟೈಲ್ಸಿನ ಅಥವಾ ಗಿಲಾವಿನ ಕೆಳಗೆ. ಇಲ್ಲಿ ಆಯ್ಕೆ ಮೂರು: ಇಟ್ಟಿಗೆ ಚೂರಿನ ಕೋಬಾ, ಡಾಂಬರಿನ ಮೆಂಬ್ರೇನ್, ಬ್ರಷ್‌ನಿಂದ ಬಳಿಯುವ ಲೇಪ.

ಕೋಬಾ ಹಳೆಯ ವಿಧಾನ. ಇಟ್ಟಿಗೆ ಚೂರುಗಳನ್ನು ವಾಟಕ್ಕೆ (ನೀರು ಹರಿಯುವ ಇಳಿಜಾರಿಗೆ) ತಕ್ಕಂತೆ ಜೋಡಿಸಿ, ನೀರು ತಡೆಯುವ ಪುಡಿ ಬೆರೆಸಿದ ಗಾರೆ ತುಂಬಿ, ಮೇಲೆ ನುಣುಪು ಗಿಲಾವು. ಬಿಸಿಲು ಸೀಮೆಗೆ ಇದು ನನಗೆ ಇಷ್ಟವಾಗುವುದು ಅದು ಶಾಖವನ್ನೂ ನಿಧಾನಿಸುವುದರಿಂದ. ತೊಂದರೆ ತೂಕದ್ದು. 1,000 ಚದರಡಿ ಮಾಳಿಗೆಗೆ ಸರಾಸರಿ 4 ಇಂಚು ದಪ್ಪ ಹಾಕಿದರೆ 16–17 ಟನ್ ಭಾರ ಬೀಳುತ್ತದೆ. ಅದೇ ಜಾಗಕ್ಕೆ 4 ಮಿ.ಮೀ. ಮೆಂಬ್ರೇನ್ ಹಾಸಿದರೆ ಅರ್ಧ ಟನ್ ಕೂಡ ಆಗುವುದಿಲ್ಲ. ಹೊಸ ಮನೆಯಾದರೆ ಇಂಜಿನಿಯರಿಗೆ ಮೊದಲೇ ಹೇಳಿ ಕಂಬಿಯ ಲೆಕ್ಕದಲ್ಲಿ ಸೇರಿಸಿ ಕೋಬಾ ಹಾಕಿಸಿ. ಹಳೆಯ ಸ್ಲ್ಯಾಬಿನ ಮೇಲೆ, ಅದರಲ್ಲೂ ಒಮ್ಮೆ ಕೋಬಾ ಆದದ್ದರ ಮೇಲೆ ಮತ್ತೊಂದು ಕೋಬಾ ಬೇಡವೇ ಬೇಡ. "ಇನ್ನೊಂದ್ ಲೇಯರ್ ಹಾಕಿದ್ರ ಸರಿ ಹೋಗತೈತ್ರಿ" ಎನ್ನುವ ಗೌಂಡಿಗೆ ಅದರ ಭಾರ ಹೊರುವವರು ಯಾರು ಎಂದು ಕೇಳಿ. ಒಳಗೆ ನೀರು ಸೇರಿದ ಹಳೆಯ ಕೋಬಾ ಎಲ್ಲಿ ತೂತಾಗಿದೆಯೋ ಅಲ್ಲಿ ಸೋರುವುದಿಲ್ಲ, ಚೂರುಗಳ ನಡುವೆ ಹರಿದು ಹತ್ತು ಅಡಿ ಆಚೆ ಇನ್ನೊಂದು ಕೋಣೆಯಲ್ಲಿ ಇಳಿಯುತ್ತದೆ. ಮೂಲ ಹುಡುಕುವುದೇ ಕಷ್ಟ.

ಮೆಂಬ್ರೇನ್ ಒಂದು ಮೀಟರ್ ಅಗಲ, ಹತ್ತು ಮೀಟರ್ ಉದ್ದದ ಸುರುಳಿಯಾಗಿ ಬರುತ್ತದೆ, 3 ಅಥವಾ 4 ಮಿ.ಮೀ. ದಪ್ಪ. ಗ್ಯಾಸ್ ಬೆಂಕಿಯಿಂದ ಕಾಸಿ ಪ್ರೈಮರ್ ಬಳಿದ ಕಾಂಕ್ರೀಟಿಗೆ ಅಂಟಿಸುತ್ತಾರೆ. ಒಂದರ ಮೇಲೊಂದು ಪಕ್ಕಕ್ಕೆ 10 ಸೆಂ.ಮೀ., ತುದಿಗೆ 15 ಸೆಂ.ಮೀ. ಬರಬೇಕು. ಕಾಂಕ್ರೀಟು ಪೂರ್ತಿ ಒಣಗಿರಬೇಕು. ತೇವವಿದ್ದರೆ ಬಿಸಿಲಿಗೆ ಆವಿಯಾಗಿ ಹಾಳೆ ಬೊಬ್ಬೆ ಏಳುತ್ತದೆ. ಈ ಕೆಲಸಕ್ಕೆ ನಮ್ಮಲ್ಲಿ ಮಾರ್ಚ್–ಏಪ್ರಿಲ್ ಸರಿಯಾದ ಕಾಲ, ಮಳೆ ಶುರುವಾದ ಮೇಲೆ ಓಡಾಡಿ ಮಾಡಿಸಿದ್ದು ನಿಲ್ಲುವುದಿಲ್ಲ. ಕಪ್ಪು ಮೆಂಬ್ರೇನನ್ನು ಹಾಗೆಯೇ ಬಿಸಿಲಿಗೆ ಬಿಡಬಾರದು. ಒಂದೋ ಮೇಲ್ಮೈಗೆ ಕಲ್ಲುಪುಡಿ ಅಥವಾ ಅಲ್ಯುಮಿನಿಯಂ ಇರುವ ಬಗೆ ತನ್ನಿ, ಇಲ್ಲವೇ ಮೇಲೆ ಗಿಲಾವು ಹಾಕಿ ಬಿಳಿ ಟೈಲ್ಸ್ ಹಾಸಿ. ಹಳೆಯ ಸ್ಲ್ಯಾಬಿಗೆ ನನ್ನ ಮೊದಲ ಆಯ್ಕೆ ಇದೇ.

ಬಳಿಯುವ ಲೇಪದ ಡಬ್ಬಿ ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಮನೆಯವರೇ ಬಳಿಯಬಹುದು. ಗಟ್ಟಿ ಸ್ಲ್ಯಾಬಿನ ಕೂದಲೆಳೆ ಬಿರುಕಿಗೆ ಸಾಕು, ಆದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ನೀರು ನಿಲ್ಲುವ ಮಾಳಿಗೆಗೆ ಇದು ಆಗದು. ಬಿಳಿ ಲೇಪದ ಇನ್ನೊಂದು ಲಾಭ ತಂಪು. ಹಣ ಇಲ್ಲದವರು ಬೇಸಿಗೆಗೆ ಮುಂಚೆ ಸುಣ್ಣವನ್ನೇ ದಪ್ಪಗೆ ಬಳಿಯಲಿ. ಹೊಸ ಬಿಳಿ ಸುಣ್ಣ ಬರೀ ಕಾಂಕ್ರೀಟಿನ ಎರಡು ಪಟ್ಟಿಗೂ ಹೆಚ್ಚು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ.

ಮೂರರಲ್ಲಿ ಯಾವುದನ್ನೇ ಆರಿಸಿ, ಸೋರುವುದು ಹೆಚ್ಚಾಗಿ ಬಯಲಿನಲ್ಲಿ ಅಲ್ಲ, ಅಂಚಿನಲ್ಲಿ. ಪ್ಯಾರಾಪೆಟ್ ಗೋಡೆಯೂ ಸ್ಲ್ಯಾಬೂ ಸೇರುವ ಮೂಲೆಗೆ ಮೂರು ಇಂಚಿನ ಇಳಿಜಾರು ಗಾರೆ ತುಂಬಿಸಿ, ಪದರವನ್ನು ಅದರ ಮೇಲೆ ಹಾಯಿಸಿ ಗೋಡೆಗೆ ಒಂದಡಿ ಏರಿಸಿ. ನೀರಿನ ಪೈಪಿನ ಬಾಯೊಳಗೂ ಪದರ ಇಳಿಯಲಿ. ವಾಟ ನೂರಕ್ಕೆ ಒಂದಾದರೂ ಇರಬೇಕು. ಟೈಲ್ಸ್ ಹಾಸುವ ಮುಂಚೆ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು ಎರಡು ದಿನ ನಿಲ್ಲಿಸಿ ನೋಡಿ. ಪೂರ್ತಿ ಹಣ ಕೊಡುವುದು ಆಮೇಲೆ.

ಮಣ್ಣಿನ ಮಾಳಿಗೆಗೆ

ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಕುರುಗೋಡು ಕಡೆ ಇಂದಿಗೂ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜನ ತಣ್ಣಗೆ ಬದುಕುತ್ತಿದ್ದಾರೆ. ಒಳಪದರವೆಂದರೆ ಹೊರಗಿನಿಂದ ಬಂದ ಹೊಸ ಮಾಲು ಎಂದು ತಿಳಿದವರು ಈ ಮಾಳಿಗೆಯನ್ನು ಒಮ್ಮೆ ಕತ್ತರಿಸಿ ನೋಡಬೇಕು. ತೊಲೆ, ಜಂತೆ, ಅದರ ಮೇಲೆ ಒತ್ತಾಗಿ ಜೋಡಿಸಿದ ಕಟ್ಟಿಗೆ ಅಥವಾ ಪರಸಿ ಕಲ್ಲು, ಅದರ ಮೇಲೆ ಬಂದರಿಕೆ ಇಲ್ಲವೇ ಬೇವಿನ ಸೊಪ್ಪಿನ ಹಾಸು, ಆಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಸವಳು ಮಣ್ಣು. ಸೊಪ್ಪಿನ ಹಾಸು ಮಣ್ಣು ಉದುರದಂತೆ ಹಿಡಿಯುತ್ತದೆ. ಸವಳು ಮಣ್ಣಿನ ಗುಟ್ಟು ಅದರಲ್ಲಿರುವ ಸೋಡಿಯಂನಲ್ಲಿದೆ. ಮೊದಲ ಹನಿ ಬೀಳುತ್ತಲೇ ಅದರ ಜೇಡಿ ಕಣಗಳು ಬಿಡಿಸಿಕೊಂಡು, ಉಬ್ಬಿ, ಸಂದಿಗಳನ್ನು ತಾವೇ ಮುಚ್ಚುತ್ತವೆ. ಬೆಳೆಗೆ ಬಾರದ, ರೈತ ಬೈಯುವ ಅದೇ ಮಣ್ಣು ಮಾಳಿಗೆಗೆ ಅಷ್ಟು ಬೆಲೆಯುಳ್ಳದ್ದು.

ಇದನ್ನು ಕೆಡಿಸುವುದು ಎರಡು ಕೆಲಸ. ಒಂದು, ಸೋರಿದಾಗಲೆಲ್ಲ ಹಳೆಯದನ್ನು ಕೆರೆಯದೆ ಮೇಲೆ ಮೇಲೆ ಮಣ್ಣು ಏರಿಸುವುದು. ಆರು ಇಂಚು ಮಣ್ಣೇ 200 ಚದರಡಿ ಕೋಣೆಯ ಮೇಲೆ ಸುಮಾರು ನಾಲ್ಕೂವರೆ ಟನ್, ನೆನೆದರೆ ಇನ್ನೂ ಹೆಚ್ಚು. ವರ್ಷ ವರ್ಷ ಏರಿಸಿದ ಮಾಳಿಗೆ ಎರಡು ದಿನದ ಜಡಿಮಳೆಗೆ ಜಂತೆ ಮುರಿದು ಬೀಳುವುದು ಈ ಭಾರದಿಂದ. ಎರಡು, ಮೇಲೆ ಸಿಮೆಂಟು ಕಾಂಕ್ರೀಟು ಹಾಕಿಸುವುದು. ಅದೂ ಭಾರವೇ, ಜೊತೆಗೆ ಬಿರುಕಿನಲ್ಲಿ ಇಳಿದ ನೀರು ಆರಲು ದಾರಿಯಿಲ್ಲದೆ ಒಳಗೆ ಕೂತು ಕಟ್ಟಿಗೆಯನ್ನು ಕೊಳೆಸುತ್ತದೆ. ಕೆಳಗಿನಿಂದ ನೋಡುವವರಿಗೆ ಕೊನೆಯ ಗಳಿಗೆಯವರೆಗೂ ಗೊತ್ತಾಗುವುದಿಲ್ಲ.

ಹಾಗಾದರೆ ಈ ಮಾಳಿಗೆಗೆ ಪ್ಲಾಸ್ಟಿಕ್ ಹಾಳೆ ಬೇಡವೇ? ಮೇಲೆ ಹೊದಿಸುವ ತಾಡಪಾಲು ಮಳೆಗಾಲದ ತಾತ್ಕಾಲಿಕ ಆಸರೆ ಅಷ್ಟೆ, ಅದನ್ನು ಬೇಸಿಗೆಯ ಬಿಸಿಲಿಗೆ ಬಿಟ್ಟರೆ ಪುಡಿಯಾಗುತ್ತದೆ. ಮಣ್ಣಿನೊಳಗೆ ಹಾಸುವುದಾದರೆ ಇಡೀ ಮಾಳಿಗೆಯನ್ನು ಬಿಚ್ಚಿ ಹೊಸದಾಗಿ ಕಟ್ಟುವಾಗ ಮಾತ್ರ. ಸೊಪ್ಪಿನ ಮೇಲೆ ಎರಡು ಇಂಚು ನಯವಾದ ಮಣ್ಣು, ಅದರ ಮೇಲೆ ದಪ್ಪ ಹಾಳೆಯನ್ನು ವಾಟದ ಕಡೆಗೆ ಇಳಿಬಿಟ್ಟು, ಮೇಲೆ ತೆಳುವಾಗಿ ಸವಳು ಮಣ್ಣು. ಹಾಳೆ ಇದೆಯೆಂದು ಮಣ್ಣಿನ ದಪ್ಪ ಕಡಿಮೆ ಮಾಡಬಹುದು, ನನಗೆ ಕಾಣುವ ದೊಡ್ಡ ಲಾಭ ಅದೇ. ಗಟ್ಟಿ ತೊಲೆಯ, ಸರಿಯಾದ ವಾಟದ ಮಾಳಿಗೆಗೆ ಇದ್ಯಾವುದೂ ಬೇಡ. ಮುಂಗಾರಿಗೆ ಮುಂಚೆ ಮೇಲಿನ ಒಂದಿಂಚು ಕೆರೆದು ತೆಗೆದು, ಅಷ್ಟೇ ಸವಳು ಮಣ್ಣು ಹೊಸದಾಗಿ ಹಾಕಿ ಬಡಿಯಿರಿ. ಬೆಳಕಿಂಡಿಯ ಸುತ್ತಲ ಕಟ್ಟೆಯನ್ನು ನೋಡಿ, ಅದರ ಬುಡವೇ ಮೊದಲು ಸೋರುವ ಜಾಗ.

ಅಂಗಡಿಗೆ ಹೋಗುವ ಮುನ್ನ

ಕೈಯಲ್ಲಿರುವ ಹಣ ಕಡಿಮೆಯಿದ್ದಾಗ ಏನು ಬಿಡಬೇಕು ಎಂಬುದು ನಿಜವಾದ ಪ್ರಶ್ನೆ. ತಗಡಿನ ಮನೆಯಾದರೆ ಬಣ್ಣದ ತಗಡಿನ ಆಸೆ ಬಿಟ್ಟು ಸಾದಾ ತಗಡು ಕೊಂಡು, ಉಳಿದ ದುಡ್ಡಿನಲ್ಲಿ ಬಬಲ್ ಶೀಟು ತನ್ನಿ, ತಗಡಿಗೆ ಆಮೇಲೆ ನೀವೇ ಬಿಳಿ ಬಣ್ಣ ಬಳಿಯಬಹುದು. ಇಡೀ ಮನೆಗೆ ಆಗದಿದ್ದರೆ ಮಕ್ಕಳು, ವಯಸ್ಸಾದವರು ಮಲಗುವ ಕೋಣೆಗೆ ಮೊದಲು ಹಾಕಿಸಿ. ಸ್ಲ್ಯಾಬಿನ ಮನೆಯಾದರೆ ಟೈಲ್ಸನ್ನು ಮುಂದಿನ ವರ್ಷಕ್ಕೆ ದೂಡಿ, ಕಲ್ಲುಪುಡಿ ಮೈಯ ಮೆಂಬ್ರೇನನ್ನು ಈ ವರ್ಷವೇ ಹಾಕಿಸಿ. ಕೆಲಸದವರ ಜೊತೆ ಮಾತಾಡುವಾಗ ಚದರಡಿಗೆ ಎಷ್ಟು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಜೋಡಣೆಗೆ ಎಷ್ಟು ಬಿಡುತ್ತೀರಿ, ಗೋಡೆಗೆ ಎಷ್ಟು ಏರಿಸುತ್ತೀರಿ, ಪೈಪಿನ ಬಾಯಿಗೆ ಏನು ಮಾಡುತ್ತೀರಿ, ಈ ಮೂರನ್ನೂ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಹಾಳೆ ಹಾಸಿ ಮುಗಿದ ದಿನ, ಅದರ ಮೇಲೆ ತಗಡೋ ಗಿಲಾವೋ ಬೀಳುವ ಮೊದಲು, ಏಣಿ ಹತ್ತಿ ಪ್ರತಿ ಜೋಡಣೆಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಮುಂದೆ ಎಲ್ಲಾದರೂ ಸೋರಿದರೆ ಇಡೀ ಮಾಳಿಗೆ ಬಿಚ್ಚದೆ ನೇರ ಆ ಜೋಡಣೆಯ ಬಳಿಯೇ ಕೈಹಾಕಬಹುದು.